ಖಾಲಿ ಬಿಟ್ಟ ಮಾತಿನ ಗುಳ್ಳೆಗಳು

ಒಂದು ಕೆರೆಯ ಏರಿಯ ಮೇಲೆ ಒಂದು ಆಲದ ಮರವಿತ್ತು. ಆ ಮರವೇ ಹಕ್ಕಿಗಳ ರಾಜ್ಯ. ಮೇಲಿನ ಕೊಂಬೆಗಳಲ್ಲಿ ಗೂಬೆಗಳಿದ್ದವು, ಕೆಳಗಿನ ಕೊಂಬೆಗಳಲ್ಲಿ ಗುಬ್ಬಿಗಳು. ಪ್ರತಿ ಮಳೆಗಾಲದಲ್ಲೂ ಕೆರೆ ಉಕ್ಕಿ ಕೆಳಗಿನ ಒಂದಷ್ಟು ಗೂಡುಗಳನ್ನು ಮರಿಗಳ ಸಮೇತ ಒಯ್ಯುತ್ತಿತ್ತು. ಕಾನೂನೇ ಹಾಗಿರುವಾಗ ಮಾಡುವುದೇನು ಎಂದು ಗುಬ್ಬಿಗಳು ಸುಮ್ಮನಿದ್ದವು. ಕಾನೂನನ್ನು ಕಾಂಡಕ್ಕೆ ಜಡಿದ ಹಲಗೆಯೊಂದರ ಮೇಲೆ ಕೆತ್ತಲಾಗಿತ್ತು. ಅದನ್ನು ಓದಿ ಹೇಳುವ ಅಧಿಕಾರ ಗೂಬೆಗಳದು. ಹಗಲಿನಲ್ಲಿ ಕಣ್ಣು ಕಾಣದ ಕಾರಣ ಅವು ಕಣ್ಣು ಮುಚ್ಚಿಕೊಂಡೇ ಓದುತ್ತಿದ್ದವು: "ಚಿಕ್ಕವರು ಕೆಳಗೆ, ದೊಡ್ಡವರು ಮೇಲೆ." ಇದನ್ನು ಪಾಂಡಿತ್ಯವೆಂದು ಕರೆಯಲಾಗುತ್ತಿತ್ತು.

ಗುಬ್ಬಿಮರಿಗಳಿಗೆ ಶಾಲೆ ಇರಲಿಲ್ಲವೆಂದು ಯಾರೂ ದೂರುವಂತಿರಲಿಲ್ಲ. ಮೊದಲ ವರ್ಷ ಕಾಗುಣಿತದ ಬಾಯಿಪಾಠ, ಎರಡನೆಯ ವರ್ಷ ಒತ್ತಕ್ಷರಗಳ ಬಾಯಿಪಾಠ, ಮೂರನೆಯ ವರ್ಷ ಒಂದು ಪದದ ದರ್ಶನ. ಮೂರನೆಯ ವರ್ಷದ ತರಗತಿಯಲ್ಲಿ ಅದುವರೆಗೆ ಒಂದು ಮರಿಯೂ ಕುಳಿತಿರಲಿಲ್ಲ. ಆ ಹೊತ್ತಿಗೆ ಎಲ್ಲವೂ ಹಾರಿಹೋಗಿರುತ್ತಿದ್ದವು, ಇಲ್ಲವೇ ಕೆರೆಯ ಪಾಲಾಗಿರುತ್ತಿದ್ದವು.

ಈ ಶಾಲೆಗೆ ಹೊಸ ಮೇಷ್ಟ್ರಾಗಿ ಬಂದವನು ಒಬ್ಬ ಎಳೆಯ ಮರಕುಟಿಗ. ಅವನಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಅವನು ಮರ ಕುಟ್ಟುತ್ತಿದ್ದ. ಹಾಗೆ ಕುಟ್ಟುತ್ತಲೇ ಒಂದು ಬೆಳಿಗ್ಗೆ ಒಣಗಿದ ತೊಗಟೆಯ ಮೇಲೆ ನಾಲ್ಕು ಚೌಕ ಕೆತ್ತಿದ. ಮೊದಲ ಚೌಕದಲ್ಲಿ ಹುಳದ ತೂತಿನ ಮುಂದೆ ಒಂದು ಗುಬ್ಬಿ. ಅದರ ಕೊಕ್ಕಿನಿಂದ ಹೊರಟ ಮಾತಿನ ಗುಳ್ಳೆಯೊಳಗೆ "ಬಾ". ಎರಡನೆಯದರಲ್ಲಿ ತೂತಿನೊಳಗಿಂದ ಹುಳದ ಗುಳ್ಳೆ: "ಬರಲ್ಲ". ಮೂರನೆಯದರಲ್ಲಿ ಗುಬ್ಬಿ: "ಬಾರಪ್ಪ". ನಾಲ್ಕನೆಯದರಲ್ಲಿ ಹುಳ ಗುಬ್ಬಿಯ ಬಾಲದ ಮೇಲೆಯೇ ಕುಳಿತಿತ್ತು: "ಬಂದೆ".

ಮರಿಗಳು ಮೊದಲು ಹುಳವನ್ನು ನೋಡಿದವು, ಆಮೇಲೆ ಗುಳ್ಳೆಯನ್ನು. ಚೂಪಿ ಎಂಬ ಪುಟ್ಟ ಹೆಣ್ಣುಗುಬ್ಬಿ ಇದ್ದಕ್ಕಿದ್ದಂತೆ ರೆಕ್ಕೆ ಬಡಿದಳು.

"ಮೇಷ್ಟ್ರೇ, ಹುಳ ಬರಲ್ಲ ಅಂತಿದೆ!"

"ನಿನಗೆ ಯಾರು ಹೇಳಿದರು?"

"ಯಾರೂ ಇಲ್ಲ. ಅಲ್ಲೇ ಇದೆಯಲ್ಲ!"

ಮರಕುಟಿಗ ಮತ್ತೆ ತೊಗಟೆಯ ಕಡೆ ತಿರುಗಿದ. ಯಾರೂ ಇಲ್ಲ, ಅಲ್ಲೇ ಇದೆ! ಮರುದಿನ ಅವನು ಎಂಟು ಚೌಕ ಕೆತ್ತಿದ, ಅದರ ಮರುದಿನ ಹದಿನಾರು. ಮರಿಗಳು ಕಾಳು ಮರೆತವು. ಒಂದರ ತಲೆಯ ಮೇಲೆ ಒಂದು ಹತ್ತಿ, "ಪಕ್ಕಕ್ಕೆ ಸರಿಯೋ, ನನಗೆ ಕಾಣಲ್ಲ" ಎಂದು ಕಚ್ಚಾಡಿ ಓದಿದವು.

ಸುದ್ದಿ ಮೇಲಿನ ಕೊಂಬೆಗೆ ತಲುಪಿತು. ಹಿರಿಯ ಗೂಬೆ ಸಭೆ ಕರೆಯಿತು.

"ಏನಯ್ಯಾ, ಹುಳ ಹುಪ್ಪಟೆ ಬರೆದು ವಿದ್ಯೆಯ ಮಾನ ಕಳೆಯುತ್ತಿದ್ದೀಯಂತೆ? ನಿನ್ನ ಮರಿಗಳು ಕಾನೂನಿನ ಹಲಗೆ ಓದಬಲ್ಲವೇ? ಓದದಿದ್ದರೆ ಶಾಲೆಗೆ ಬೀಗ, ನಿನಗೆ ಗಡೀಪಾರು."

ಮರಿಗಳು ಓದಲಾರವು, ಓದಿದರೂ ಎಲ್ಲರಿಗೂ ಗೊತ್ತಿರುವುದನ್ನೇ ಓದಿಯಾವು ಎಂಬ ನಂಬಿಕೆಯಲ್ಲಿ ಗೂಬೆಗಳು ಈ ಪರೀಕ್ಷೆ ಇಟ್ಟಿದ್ದವು. ಚೂಪಿ ಹಲಗೆಯ ಮುಂದೆ ನಿಂತಳು. ಒಂದೊಂದೇ ಅಕ್ಷರವನ್ನು ಕೊಕ್ಕಿನಿಂದ ಮುಟ್ಟಿದಳು.

"ಮಳೆಗಾಲದಲ್ಲಿ... ಮೇಲಿನ ಕೊಂಬೆಗಳು... ಮರಿಗಳಿರುವ ಗೂಡಿಗೆ."

"ತಪ್ಪು!" ಎಂದಿತು ಹಿರಿಯ ಗೂಬೆ.

"ಎಲ್ಲಿ ತಪ್ಪು ತೋರಿಸಿ ಸ್ವಾಮಿ, ತಿದ್ದಿಕೊಳ್ತೀನಿ."

ಗೂಬೆ ಕಣ್ಣು ಪಿಳುಕಿಸಿತು. "ತೀರ್ಪನ್ನು ಕಾಯ್ದಿರಿಸಲಾಗಿದೆ" ಎಂದಿತು. ಮಧ್ಯಾಹ್ನದೊಳಗೆ ಹಲಗೆಯನ್ನು ದುರಸ್ತಿಯ ನೆಪದಲ್ಲಿ ಇಳಿಸಲಾಯಿತು. ಅದು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಮರುದಿನ ಗೂಬೆಗಳು ಮರಕುಟಿಗನಿಗೆ ಹಾರ ಹಾಕಿದವು.

"ನಿನ್ನ ಪದ್ಧತಿ ನಮಗೆ ಒಪ್ಪಿಗೆಯಾಗಿದೆ. ಅಕ್ಷರ ಕಷ್ಟ, ಚಿತ್ರ ಸುಲಭ. ಇನ್ನು ಮೇಲೆ ಕಾನೂನೂ ಚಿತ್ರದಲ್ಲೇ ಇರಲಿ. ಮೇಲೆ ನಾವು, ಕೆಳಗೆ ನೀರಿನಂಚಿನಲ್ಲಿ ನಗುತ್ತಿರುವ ಗುಬ್ಬಿಗಳು. ನಿನ್ನ ಚಿತ್ರಗಳಲ್ಲಿ ಏನೇನಿರುತ್ತದೆಯೋ ಎಲ್ಲವೂ ಇರಬೇಕು, ಅಕ್ಷರವೊಂದನ್ನು ಬಿಟ್ಟು. ಒಲ್ಲೆ ಎಂದರೆ ಶಾಲೆಗೆ ಇವತ್ತೇ ಬೀಗ."

ಮರಕುಟಿಗ ಹೊಸ ಹಲಗೆಯೊಂದರ ಮುಂದೆ ಕುಳಿತ. ಆ ದಿನ ಅವನ ಕೊಕ್ಕಿನ ಸದ್ದು ಕೆರೆಯ ಆಚೆ ದಡಕ್ಕೂ ಕೇಳಿಸಿತು. ಅವನು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ. ಗೂಬೆಗಳನ್ನು ಕೆತ್ತಿದ, ಗುಬ್ಬಿಗಳನ್ನು ಕೆತ್ತಿದ, ಅವುಗಳ ನಗುವನ್ನೂ ಕೆತ್ತಿದ. ಪ್ರತಿಯೊಂದರ ಕೊಕ್ಕಿನ ಬಳಿಯೂ ದೊಡ್ಡದೊಂದು ಗುಳ್ಳೆ ಕೆತ್ತಿದ.

ಸಂಜೆ ಹಿರಿಯ ಗೂಬೆ ಬಂದು ಕಣ್ಣು ಕಿರಿದಾಗಿಸಿ ನೋಡಿತು. "ಈ ಮೊಟ್ಟೆಗಳೇಕೆ?"

"ತಮ್ಮ ಅಪ್ಪಣೆ ಸ್ವಾಮಿ. ಅಕ್ಷರ ಬಿಟ್ಟು ಎಲ್ಲವೂ ಇದೆ."

"ಶೋಭಿಸುತ್ತದೆ" ಎಂದಿತು ಗೂಬೆ.

ಹೊಸ ಹಲಗೆಯನ್ನು ಕಾಂಡಕ್ಕೆ ಜಡಿದ ಮರುಬೆಳಿಗ್ಗೆ ಮರಕುಟಿಗ ಎಚ್ಚರಗೊಂಡದ್ದು ಗದ್ದಲಕ್ಕೆ. ಮರಿಗಳ ಕೊಕ್ಕುಗಳೆಲ್ಲ ನೇರಳೆ ಹಣ್ಣಿನ ರಸದಿಂದ ನೀಲಿಯಾಗಿದ್ದವು. ಹಲಗೆಯಲ್ಲಿ ನಗುತ್ತಿದ್ದ ಗುಬ್ಬಿಗಳೆಲ್ಲ ಮಾತಾಡುತ್ತಿದ್ದವು. "ಅಮ್ಮಾ, ನೀರು ಬಂತು." "ನಗು ನಮ್ಮದಲ್ಲ." "ಸ್ವಲ್ಪ ಸರೀರಿ ಸ್ವಾಮಿ." ಓದಲು ಬಾರದ ತಾಯಿಗುಬ್ಬಿಗಳಿಗೆ ಮರಿಗಳೇ ಓದಿ ಹೇಳುತ್ತಿದ್ದವು, ಕೇಳಿದವರು ಇನ್ನೊಮ್ಮೆ ಓದು ಎನ್ನುತ್ತಿದ್ದರು.

ಮರಕುಟಿಗ ಹಲಗೆಯ ಮೇಲ್ಭಾಗವನ್ನು ನೋಡಿದ. "ಗೂಬೆಗಳ ಗುಳ್ಳೆಗಳನ್ನು ಯಾಕೆ ಖಾಲಿ ಬಿಟ್ಟಿರಿ?"

"ಅವರದನ್ನು ಅವರೇ ಬರೀಲಿ ಮೇಷ್ಟ್ರೇ" ಎಂದಳು ಚೂಪಿ. "ನಾವು ಬರೆದರೆ ತಪ್ಪು ಅಂತಾರೆ."

ಅಷ್ಟರಲ್ಲಿ ಹಿರಿಯ ಗೂಬೆ ಇಳಿದುಬಂದಿತು. ಆಕಾಶ ಕಪ್ಪಗಾಗಿತ್ತು, ಆ ಬೆಳಕಿನಲ್ಲಿ ಅದಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಚೂಪಿ ರಸ ತುಂಬಿದ ನೇರಳೆ ಹಣ್ಣೊಂದನ್ನು ಅದರ ಕಾಲ ಬಳಿಗೆ ಉರುಳಿಸಿದಳು.

"ಬರೀರಿ ಸ್ವಾಮಿ. ಕಾನೂನು ಏನಂತ ನೀವೇ ಬರೆದುಬಿಡಿ. ನಾವು ಓದ್ತೀವಿ."

ತಾಯಿಗುಬ್ಬಿಗಳು ಗೂಡಿಗೆಂದು ಹುಲ್ಲುಕಡ್ಡಿ ಕಚ್ಚಿಕೊಂಡು ಕಾದು ಕುಳಿತವು. ಹಿರಿಯ ಗೂಬೆ ಹಣ್ಣನ್ನು ನೋಡಿತು, ಖಾಲಿ ಗುಳ್ಳೆಯನ್ನು ನೋಡಿತು, ಸುತ್ತ ನೆರೆದವರನ್ನು ನೋಡಿತು.

ಗೂಬೆಗಳು ಹಣ್ಣು ತಿನ್ನುವುದಿಲ್ಲ. ಅಂದು ಅದು ಬರೆಯುವ ಬದಲು ತಿಂದಿತು.

ಮೊದಲ ತಾಯಿಗುಬ್ಬಿ ಮೇಲಿನ ಕೊಂಬೆಗೆ ಹಾರಿತು.