ಚಮಕಿ ಬಟ್ಟೆಯಲ್ಲಿ ಕಾಡಿಗೆ

ಬಕ್ರೀದ್ ಮುಗಿದರೆ ನಮ್ಮ ಹೊಲಿಗೆ ಅಂಗಡಿಗೆ ರಜೆ. ಹಬ್ಬದ ಹಿಂದಿನ ದಿನದವರೆಗೂ ಮಷೀನು ತುಳಿದ ನಮಗೆಲ್ಲ ಅಂಗಡಿಯ ಒಡತಿ ಜಹನಾರಾ ಆಪಾ ಪ್ರತಿ ವರ್ಷ ಮನೆಯಲ್ಲಿ ಊಟ ಹಾಕುತ್ತಿದ್ದರು. ಈ ಸಲ ಮಾತ್ರ ಕಾಡಿಗೆ ಹೋಗೋಣ ಅಂದರು.

ಆಪಾ ಅವರ ತಂದೆ ಲಾರಿಯಲ್ಲಿ ಕಾಡಿನಿಂದ ಬಂಬೂ ಬಜಾರಿಗೆ ಬಿದಿರು ತರುತ್ತಿದ್ದರಂತೆ. ದಾರಿಗೆ ಅಡ್ಡ ನಿಂತ ಆನೆಯ ಕತೆಯನ್ನು ಮಗಳಿಗೆ ಹೇಳಿ, ‘ದೊಡ್ಡವಳಾಗು, ಕರ್ಕೊಂಡು ಹೋಗ್ತೀನಿ’ ಅನ್ನುತ್ತಿದ್ದರಂತೆ. ಮಗಳು ದೊಡ್ಡವಳಾಗುವ ಮೊದಲೇ ಅವರು ತೀರಿಕೊಂಡರು. ಆಮೇಲೆ ಮದುವೆ, ಮಕ್ಕಳು, ಪುಲಿಕೇಶಿನಗರದ ಈ ಅಂಗಡಿ. ಈಗ ಆಪಾ ಅವರ ಎರಡೂ ಮೊಣಕಾಲಿಗೆ ಆಪರೇಷನ್ ಆಗಬೇಕು. ಆಮೇಲೆ ಏರು ಹತ್ತುವ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

“ಜೀಪಲ್ಲಿ ಕೂತ್ಕೊಂಡಲ್ಲ ಅಯ್ಯಮ್ಮ, ಕಾಡಲ್ಲಿ ಕಾಲಿಟ್ಟು ನಡೀಬೇಕು. ಒಂದೇ ಒಂದ್ಸಲ” ಎಂದು ಆಪಾ ನನ್ನ ಹತ್ತಿರ ಹೇಳಿದ್ದರು.

ಅಯ್ಯಮ್ಮ ಅಂದರೆ ನಾನು; ಶಾಲೆ ಬಿಟ್ಟು, ಅಪ್ಪನ ಗಾರೆ ಕೆಲಸದ ಹಿಂದೆ ಯಾದಗಿರಿಯಿಂದ ಬೈಯಪ್ಪನಹಳ್ಳಿಗೆ ಬಂದವಳು. ಯಾರಾದರೂ ಮಾತಾಡಿಸಿದರೆ ನೆಲ ನೋಡುತ್ತಿದ್ದೆ. ಆಪಾ ನನ್ನ ಕೈಗೆ ಕತ್ತರಿ ಕೊಟ್ಟರು. ತಪ್ಪಿದ ಹೊಲಿಗೆಯನ್ನು ಎಷ್ಟೋ ಸಲ ಬಿಚ್ಚಿಸಿ ಮತ್ತೆ ಹಾಕಿಸಿದರು. ಆದರೆ ನೀನು ಯಾಕೆ ಮಾತಾಡುವುದಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ.

ಹೊರಗೆ ಹೊರಟರೆ ಹೊಸ ಬಟ್ಟೆ ಹಾಕಬೇಕು. ಹೊಲಿಗೆಯವರಿಗೆ ಬೇರೆ ಯೋಚನೆ ಬರುವುದಿಲ್ಲ. ಆಪಾ ಅವರ ಮಗಳು ಅಲಿಯಾ, ಮದುವೆಯ ಆರ್ಡರಿನಲ್ಲಿ ಉಳಿದ ಕಿತ್ತಳೆ ಸ್ಯಾಟಿನ್ ಹುಡುಕಿ ತೆಗೆದಳು. ಅಲಿಯಾ, ನಮ್ಮ ಜೊತೆ ಹೊಲಿಯುವ ಹಲಸೂರಿನ ಹಂಸ, ನಾನು, ಮೂವರೂ ಒಂದೇ ಥರ ಕಮೀಜು ಹೊಲಿದುಕೊಂಡೆವು. ಕುತ್ತಿಗೆಯಿಂದ ಅಂಚಿನವರೆಗೆ ಚಮಕಿ. ಒಳಗಿನ ಅಸ್ತರಿಗೆ, ಯಾರೂ ಕೇಳದೆ ಮೂಲೆಯಲ್ಲಿ ಬಿದ್ದಿದ್ದ ಮಣ್ಣು ಬಣ್ಣದ ಬಟ್ಟೆ ಹಾಕಿದೆವು.

ನಸುಕಿನಲ್ಲಿ ಹೊರಟ ವ್ಯಾನು ಕೊಳ್ಳೇಗಾಲ ದಾಟಿ, ಮಧ್ಯಾಹ್ನದ ಹೊತ್ತಿಗೆ ಕಾಡಿನ ಗೇಟು ಮುಟ್ಟಿತು. ಆ ದಿನದ ಕೊನೆಯ ನಡಿಗೆ ನಮ್ಮದು. ನಮ್ಮನ್ನು ಕರೆದೊಯ್ಯಬೇಕಿದ್ದ ಗೈಡ್ ರಾಮಣ್ಣ, ವ್ಯಾನಿನಿಂದ ಇಳಿದ ನಮ್ಮನ್ನು ನೋಡಿ ಹಣೆ ಚಚ್ಚಿಕೊಂಡರು.

“ಏನಮ್ಮಾ, ಯಾರ ಮದುವೆ? ಮಾಸಲು ಬಣ್ಣ ಹಾಕ್ಕೊಂಡು ಬನ್ನಿ ಅಂತ ಫೋನಲ್ಲೇ ಹೇಳಿರ್ಲಿಲ್ವಾ?”

ಫೋನು ಎತ್ತಿದ್ದ ಅಲಿಯಾ ನಾಲಿಗೆ ಕಚ್ಚಿಕೊಂಡಳು. “ಹಳೇ ಬಟ್ಟೆ ಹಾಕ್ಕೊಂಡು ಟೂರ್ ಯಾರು ಹೋಗ್ತಾರೆ ಅಂತ...”

“ಈ ಮಿಂಚು ನೋಡಿ ಆನೆ ಗಾಬರಿ ಬಿದ್ರೆ ಯಾರು ಜವಾಬ್ದಾರಿ? ಇಲ್ಲಮ್ಮ, ನಿಮ್ಮನ್ನ ಬಿಡಕ್ಕಾಗಲ್ಲ.” ಆಮೇಲೆ ಬುರ್ಖಾದಲ್ಲಿದ್ದ ಆಪಾ ಕಡೆ ತಿರುಗಿದರು. “ಇವ್ರು ಕಪ್ಪಲ್ಲಿದ್ದಾರೆ, ಪರ್ವಾಗಿಲ್ಲ. ಇವ್ರೊಬ್ರೇ ಬರ್ಲಿ. ನೀವು ವ್ಯಾನಲ್ಲಿ ಕೂತಿರಿ.”

ನಮ್ಮ ಹತ್ತಿರ ಬದಲಿ ಬಟ್ಟೆ ಇರಲಿಲ್ಲ. ಆಪಾ ಗೇಟಿನಾಚೆ ಹೋಗುವ ಕಾಲುದಾರಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮನ್ನು ನೋಡಿದರು.

“ಮಕ್ಕಳ್ನ ಇಲ್ಲಿ ಬಿಟ್ಟು ನಾನು ಹೋಗಲ್ಲ ಭಯ್ಯಾ. ನಸೀಬಲ್ಲಿಲ್ಲ, ಬಿಡಿ.”

“ಅಮ್ಮೀ, ನೀವು ಹೋಗಿ!” ಅಲಿಯಾಗೆ ಅಳುವೇ ಬಂದಿತ್ತು.

“ಚುಪ್. ನಡಿ, ವ್ಯಾನ್ ಹತ್ತು.” ಆಪಾ ಕುಂಟುತ್ತಾ ವ್ಯಾನಿನ ಕಡೆ ತಿರುಗಿಯೇಬಿಟ್ಟರು.

“ಅಣ್ಣಾ” ಅಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. “ಒಳಗಿಂದು ಹೊರಗೆ ಮಾಡಿ ಹಾಕ್ಕೊಂಡ್ರೆ ಆಗುತ್ತಾ?”

ರಾಮಣ್ಣನಿಗೆ ಅರ್ಥವಾಗಲಿಲ್ಲ. ನಾನು ಕಮೀಜಿನ ಅಂಚನ್ನು ಸ್ವಲ್ಪ ಮಡಚಿ ಅಸ್ತರು ತೋರಿಸಿದೆ. ಅವರು ಅದನ್ನು ನೋಡಿದರು, ಕಾಲಡಿಯ ಮಣ್ಣು ನೋಡಿದರು, ನಕ್ಕರು.

“ಇದಾದ್ರೆ ಆಗುತ್ತೆ. ಕಾಲ್ಗೆಜ್ಜೆನೂ ಬಿಚ್ಚಿ. ಬೇಗ!”

ವ್ಯಾನಿನ ಪರದೆ ಎಳೆದು ಮೂವರೂ ಬಟ್ಟೆ ತಿರುಗಿಸಿ ಹಾಕಿಕೊಂಡೆವು. “ಯಾರಾದ್ರೂ ನೋಡಿದ್ರೆ?” ಎಂದು ಅಲಿಯಾ ಗೊಣಗಿದಳು.

“ಯಾರು ನೋಡ್ತಾರೆ, ಕೋತಿನಾ? ಅದು ಏನೂ ಹಾಕ್ಕೊಂಡೇ ಇರಲ್ಲ” ಅಂದಳು ಹಂಸ.

ಕೆಳಗಿಳಿದ ನಮ್ಮನ್ನು ನೋಡಿ ಆಪಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಳ್ಳುತ್ತಿದ್ದಂತೆ ಅವರ ನೋಟ ಅಲಿಯಾಳ ಪಕ್ಕೆಯ ಹೊಲಿಗೆಯ ಮೇಲೆ ನಿಂತಿತು. “ಓವರ್‌ಲಾಕ್ ಎಲ್ಲೇ? ದಾರ ಎಲ್ಲಾ ನೇತಾಡ್ತಿದೆ! ಒಳಗೆ ಯಾರು ನೋಡ್ತಾರೆ ಅಂತಾನಾ?”

“ಅಮ್ಮೀ, ಇಲ್ಲೂನಾ?”

“ಸುಮ್ನಿರಿ ಆಪಾ, ಆನೆ ಬಂದ್ರೆ ಅದಕ್ಕೂ ಅಳತೆ ತಗೋತೀರಾ ನೀವು” ಅಂದಳು ಹಂಸ.

“ಶ್!” ಎಂದರು ರಾಮಣ್ಣ. ಅಲ್ಲಿಂದ ಮುಂದೆ ಮಾತು ನಿಂತಿತು.

ಮೊದಲ ಮಳೆ ಬಿದ್ದ ನೆಲ ಮೆತ್ತಗಿತ್ತು. ಆಪಾ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ನನ್ನ ತೋಳಿಗೆ ಹಾಕಿ ನಡೆದರು. ಏರು ಬಂದಾಗಲೆಲ್ಲ ರಾಮಣ್ಣ ತಾವಾಗಿಯೇ ನಿಂತು, ಒಂದು ಮರವನ್ನೋ ಹಕ್ಕಿಯನ್ನೋ ತೋರಿಸುತ್ತಿದ್ದರು. ಆಪಾ ಉಸಿರು ಸುಧಾರಿಸಿಕೊಳ್ಳಲಿ ಎಂದೇ ಹಾಗೆ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಒಂದು ಮರದ ಕಾಂಡಕ್ಕೆ ನನ್ನ ತಲೆಗಿಂತ ಎತ್ತರದಲ್ಲಿ ಹಸಿ ಕೆಸರು ಮೆತ್ತಿಕೊಂಡಿತ್ತು. ಆನೆ ಮೈ ಉಜ್ಜಿದ್ದು ಎಂದು ಅವರು ಸನ್ನೆ ಮಾಡಿದರು. ಆಪಾ ಆ ಕೆಸರಿಗೆ ಅಂಗೈ ಒತ್ತಿದರು. ಒರೆಸಿಕೊಳ್ಳಲಿಲ್ಲ.

ದಾರಿ ತಿರುಗುವಲ್ಲಿ ರಾಮಣ್ಣ ಕೈ ಅಡ್ಡ ಹಿಡಿದರು. ಕೆಳಗೆ, ಹಳ್ಳದ ಆಚೆ ದಡದಲ್ಲಿ ಎರಡು ಆನೆ, ಒಂದು ಮರಿ. ದೊಡ್ಡ ಆನೆಯೊಂದು ಹುಲ್ಲಿನ ಕಂತೆಯನ್ನು ಕಾಲಿಗೆ ಬಡಿದು ಮಣ್ಣು ಕೊಡವಿ ಬಾಯಿಗಿಡುತ್ತಿತ್ತು. ದಾರಿ ಕಿರಿದಾಗಿತ್ತು. ಆಪಾ ಮುಂದೆ ನಿಂತರು. ನಾನು ಅವರ ಸೊಂಟಕ್ಕೆ ಆಸರೆಯಾಗಿ ಹಿಂದೆ ನಿಂತೆ. ನನಗೆ ಕಂಡದ್ದು ಒಂದು ಕಿವಿ, ಮತ್ತೆ ಆಪಾ ಅವರ ಬೆನ್ನು. ಆ ಬೆನ್ನು ನಿಧಾನಕ್ಕೆ ಅಲುಗುತ್ತಿತ್ತು. ಅವರು ಅಳುತ್ತಿದ್ದರು.

ಅಷ್ಟೇ ಸಾಕಿತ್ತು ನನಗೆ. ಅವರನ್ನು ಇಲ್ಲಿಗೆ ತಲುಪಿಸಿದ ವ್ಯಾನಿಗೆ, ರಾಮಣ್ಣನಿಗೆ, ಇನ್ನೊಂದಿಷ್ಟು ದೂರ ತಾಳಿಕೊಂಡ ಆ ಮೊಣಕಾಲುಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅಷ್ಟರಲ್ಲಿ ಆಪಾ ಕೈ ಹಿಂದಕ್ಕೆ ಚಾಚಿ, ನನ್ನ ಮಣಿಕಟ್ಟು ಹಿಡಿದು ಮುಂದಕ್ಕೆಳೆದರು.

“ನೀವು ನೋಡಿ ಆಪಾ” ಎಂದು ಪಿಸುಗುಟ್ಟಿದೆ.

“ನಾನು ನೋಡ್ದೆ. ಈಗ ನೀನು ನೋಡು.”

ನನ್ನನ್ನು ಮುಂದೆ ನಿಲ್ಲಿಸಿ, ಎರಡೂ ಕೈಗಳನ್ನು ನನ್ನ ಭುಜದ ಮೇಲಿಟ್ಟು ತಮ್ಮ ಪೂರ್ತಿ ಭಾರ ಬಿಟ್ಟರು. ಮರಿ ತಾಯಿಯ ಹೊಟ್ಟೆಯ ಕೆಳಗೆ ತೂರಿಕೊಂಡಿತು. ಆನೆಗಳು ಹಳ್ಳ ಬಿಟ್ಟು ಮರಗಳ ನಡುವೆ ಮರೆಯಾಗುವವರೆಗೂ ನಾನು ಅಲುಗಾಡದೆ ಆ ಭಾರ ಹೊತ್ತು ನಿಂತಿದ್ದೆ.