ಸುಮೈರಾ ಹೇಳದೆ ಉಳಿದ ಗಂಟಲು ಕೆರೆತ

ಸುಮೈರಾ ಹರಿಹರದಲ್ಲಿ ಗಾದಿ ಹೊಲಿಯುವ ಮಕ್ತುಮ್ ಸಾಬರ ಮಗಳು. ದಾವಣಗೆರೆಯಲ್ಲಿ ಡಾಕ್ಟರ್ ಓದುತ್ತಿದ್ದಳು, ಮೂರನೇ ವರ್ಷ. ಕೊರೊನಾದ ಎರಡನೇ ಅಲೆ ಏಳುತ್ತಿದ್ದ ಏಪ್ರಿಲ್ ತಿಂಗಳು ಅದು. ರಂಜಾನ್ ಅಂತ ಊರಿಗೆ ಹೊರಟಳು. ಬೆಳಿಗ್ಗೆಯಿಂದ ಗಂಟಲು ಕೆರೆಯುತ್ತಿತ್ತು.

"ಟೆಸ್ಟ್ ಮಾಡಿಸ್ಕೊಂಡು ಹೋಗೇ. ಮನೇಲಿ ಅಜ್ಜಿ ಅದಾರೆ," ಅಂದಳು ಹಾಸ್ಟೆಲಿನ ಗೆಳತಿ ಕೃತಿಕಾ.

"ನನಗೆ ಎರಡೂ ಡೋಸ್ ಆಗೈತೆ ಬಿಡೇ. ಫ್ಯಾನ್ ಗಾಳಿಗೆ ಹಿಂಗಾಗೈತೆ."

"ಡೋಸ್ ಆದೋರಿಂದನೂ ಹರಡ್ತೈತೆ. ವಾರ್ಡಿನಾಗೆ ನಾವೇ ಜನಕ್ಕೆ ಹೇಳ್ತೀವಲ್ಲ?"

ಸುಮೈರಾ ನಕ್ಕು ಬಸ್ ಹತ್ತಿದಳು.

ಅಜ್ಜಿ ಬಿಲ್ಕೀಸ್ ಬಾಗಿಲಲ್ಲೇ ಕಾದಿದ್ದರು. "ನನ್ನ ಮುಂದೆ ಯಾಕ ಮುಖ ಮುಚ್ಕೊಂತಿ? ತೆಗಿ," ಅಂದರು. ಅವಳು ಮಾಸ್ಕ್ ತೆಗೆದಳು. ಒಂದೇ ತಟ್ಟೆಯಲ್ಲಿ ಖರ್ಜೂರ ತಿಂದರು, ಒಂದೇ ಕೋಣೆಯಲ್ಲಿ ಮಲಗಿದರು. ಅಜ್ಜಿಗೆ ಇನ್ನೂ ಲಸಿಕೆ ಆಗಿರಲಿಲ್ಲ. "ಪರೀಕ್ಷೆ ಮುಗೀಲಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದು ಮೊಮ್ಮಗಳು ತಿಂಗಳಿಂದ ಹೇಳುತ್ತಲೇ ಇದ್ದಳು.

ಐದನೇ ದಿನ ಅಜ್ಜಿಗೆ ಜ್ವರ ಬಂತು. ಏಳನೇ ದಿನ ಏದುಸಿರು. ಆಸ್ಪತ್ರೆಗೆ ಸೇರಿಸಿದಾಗ ಕೊರೊನಾ ಎಂದು ಗೊತ್ತಾಯಿತು. ಹತ್ತನೇ ದಿನ ಅಜ್ಜಿ ತೀರಿಕೊಂಡರು. ಅಜ್ಜಿ ಆಸ್ಪತ್ರೆಯಲ್ಲಿದ್ದಾಗಲೇ ಮನೆಯವರ ಪರೀಕ್ಷೆ ಮಾಡಿದ್ದರು, ಸುಮೈರಾಗೆ ಮಾತ್ರ ಸೋಂಕು ಕಂಡಿತ್ತು. ಅಜ್ಜಿಯ ಸೇವೆ ಮಾಡಿ ಮಗಳಿಗೂ ತಗುಲಿತು ಎಂದೇ ಮಕ್ತುಮ್ ಸಾಬರು ನಂಬಿದರು. ಗಂಟಲು ಕೆರೆದಿದ್ದನ್ನು ಅವಳು ಹೇಳಲಿಲ್ಲ. ಸೋಂಕಿನಿಂದಾಗಿ ಬೇರೆ ಕೋಣೆಯಲ್ಲಿ ಇರಬೇಕಾದವಳಿಗೆ ಕಡೆಗೆ ಅಜ್ಜಿಯ ಮುಖ ನೋಡಲೂ ಆಗಲಿಲ್ಲ.

ತಿಂಗಳು ಕಳೆದ ಮೇಲೆ ಆಶಾ ಕಾರ್ಯಕರ್ತೆ ದ್ರಾಕ್ಷಾಯಣಮ್ಮ ಮನೆಗೆ ಬಂದರು.

"ಸಾಬ್ರೆ, ನಾಳೆ ಶಾಲೇಲಿ ಲಸಿಕೆ ಐತೆ. ಬರ್ರಿ."

"ಬ್ಯಾಡಮ್ಮ. ಡಾಕ್ಟ್ರು ಓದೋ ಮಗಳಿದ್ದೂ ನಮ್ಮಮ್ಮ ಉಳೀಲಿಲ್ಲ. ನಿಮ್ಮ ಸೂಜಿ ಏನ್ ಮಾಡ್ತೈತೆ?"

ಸುಮೈರಾ ಒಳಗಿಂದ ಬಂದು ಅಪ್ಪನ ಮುಂದೆ ನಿಂತಳು. "ಅಬ್ಬಾ, ಅಜ್ಜಿಗೆ ನನ್ನಿಂದನೇ ಬಂದಿರ್ಬೇಕು. ಊರಿಗೆ ಬರುವಾಗ್ಲೇ ನನಗೆ ಗಂಟಲು ಕೆರೀತಿತ್ತು. ಟೆಸ್ಟ್ ಮಾಡಿಸ್ಲಿಲ್ಲ."

ಗಾದಿ ಹೊಲಿಯುತ್ತಿದ್ದ ಮಕ್ತುಮ್ ಸಾಬರು ಸೂಜಿ ಕೆಳಗಿಟ್ಟರು. "ಹರಡ್ತೈತೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ದ್ರಾಕ್ಷಾಯಣಮ್ಮ ಮೆಲ್ಲಗೆ ಹೇಳಿದರು: "ಯಾರಿಂದ ಬಂತು ಅಂತ ಖಾತ್ರಿ ಯಾರು ಹೇಳ್ಬೇಕು ಸಾಬ್ರೆ? ಡೋಸ್ ಆಗಿದ್ರೆ ಅಜ್ಜಿಗೆ ತಡ್ಕೊಳೋ ಶಕ್ತಿ ಒಂದಿಷ್ಟು ಇರ್ತಿತ್ತು. ನೀವಾದ್ರೂ ಹಾಕಿಸ್ಕೊಳ್ರಿ."

ಮರುದಿನ ಮಕ್ತುಮ್ ಸಾಬರು ಶಾಲೆಯ ಸಾಲಿನಲ್ಲಿ ನಿಂತು ಲಸಿಕೆ ಹಾಕಿಸಿಕೊಂಡರು. ಜೊತೆಗೆ ಹೋದ ಮಗಳೊಡನೆ ಮಾತಾಡಲಿಲ್ಲ. ಆ ಮನೆಯಲ್ಲಿ ಮಾತು ಮೊದಲಿನಂತಾಗಲು ಬಹಳ ದಿನ ಹಿಡಿಯಿತು.

ವೈದ್ಯಕೀಯ ಓದುವ ಮಕ್ಕಳೇ, ಓದಿ ತಿಳಿದಿದ್ದರೆ ಸಾಲದು, ನಡೆಯಬೇಕು. ಸಾಂಕ್ರಾಮಿಕದ ದಿನಗಳಲ್ಲಿ ಗಂಟಲು ನೋವು, ಕೆಮ್ಮು ಸಣ್ಣದಾದರೂ ಪರೀಕ್ಷೆ ಮಾಡಿಸಿಕೊಳ್ಳಿ. ಫಲಿತಾಂಶ ಬರುವ ತನಕ ಊರಿಗೆ ಹೋಗಬೇಡಿ. ಹಿರಿಯರು ಎಷ್ಟೇ ಬೇಡಿದರೂ ಅವರೆದುರು ಮಾಸ್ಕ್ ತೆಗೆಯಬೇಡಿ. ನಿಮ್ಮ ಮನೆಯಲ್ಲಿ ಯಾರ ಲಸಿಕೆ ಬಾಕಿ ಇದೆ? ಇವತ್ತೇ ಫೋನ್ ಮಾಡಿ ಕೇಳಿ. ಅವರು ನಿಮ್ಮ ಮಾತನ್ನೇ ಕಾಯುತ್ತಿರಬಹುದು.