ಗಾಯದ ಸುತ್ತಲಿನ ಮಾಂಸ

ಕಡವೆಗೆ ಬಾಣ ನಾಟಿದ ಮೇಲೆ ಒಂದು ಚಿಲುಮೆ ಹೊಗೆಸೊಪ್ಪು ಸೇದಿ ಮುಗಿಸುವಷ್ಟು ಹೊತ್ತು ಕಾಯಬೇಕು. ಬೆಟ್ಟಗಾಡಿನ ಲಿಸು ಜನರ ಬೇಟೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಸಾನಿಗೆ ಆ ಬೆಳಿಗ್ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚಿಲುಮೆಯನ್ನು ಉಲ್ಟಾ ಹಿಡಿದು, ಕೆಂಡವನ್ನು ತೊಡೆಯ ಮೇಲೆ ಬೀಳಿಸಿಕೊಂಡು ಎಗರಾಡಿದ.

"ಹೊಡ್ದೆ ಅಕ್ಕಾ! ಭುಜದ ಹಿಂದೇನೇ ನಾಟ್ತು! ಆ ಕೋಡು ನೋಡ್ಬೇಕಿತ್ತು ನೀನು!"

"ಬಾಯ್ಮುಚ್ಕೊಂಡು ಕೂರೋ. ನೀನು ಹಿಂಗೆ ಕಿರುಚಿದ್ರೆ ಸತ್ತಿರೋ ಕಡವೇನೂ ಎದ್ದು ಓಡುತ್ತೆ," ಎಂದಳು ಅಮಿಮಾ. ಹಾಗೆಂದಳೇ ಹೊರತು ಅವಳ ಎದೆಯೂ ಡವಡವ ಹೊಡೆದುಕೊಳ್ಳುತ್ತಿತ್ತು.

ಅವರ ಊರಿನಲ್ಲಿ ಹೆಂಗಸರು ಬೇಟೆಗೆ ಹೋಗುವುದಿಲ್ಲ. ಅಮಿಮಾಳನ್ನು ಕರೆಯದೆ ವಿಧಿಯಿರಲಿಲ್ಲ, ಏಕೆಂದರೆ ಷಿಮೋ ಅವಳ ಮಾತನ್ನು ಬಿಟ್ಟು ಇನ್ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಳದಿ ಮೈಯ, ಒಂದು ಕಿವಿ ಹರಿದ ಹೆಣ್ಣುನಾಯಿ. ತಾಯಿನಾಯಿಯನ್ನು ಚಿರತೆ ಹೊತ್ತೊಯ್ದಾಗ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಮಿಮಾ ಅನ್ನ ಅಗಿದು ಬಾಯಿಗಿಟ್ಟು ಬದುಕಿಸಿದ್ದಳು. ಗಾಯಗೊಂಡ ಪ್ರಾಣಿ ಎಲ್ಲಿ ಹೋಗಿ ಬಿದ್ದರೂ ಹುಡುಕಿಕೊಡುವ ನಾಯಿ ಸುತ್ತಲಿನ ಬೆಟ್ಟಗಳಲ್ಲೆಲ್ಲ ಇದೊಂದೇ. ಗಂಡಸರು ಗೊಣಗುತ್ತಲೇ ಅಮಿಮಾಳ ಬಾಗಿಲಿಗೆ ಬರುತ್ತಿದ್ದರು. ಬರಲಿ, ಅವಳಿಗೂ ಅದು ಬೇಕಿತ್ತು.

ಮೂರನೆಯವನು ಲಾವೂ ತಾತ. ಬೆಟ್ಟದ ತುದಿಯ ಗೆಡ್ಡೆ ಅಗೆದು, ಅರೆದು, ಬಾಣಕ್ಕೆ ಬಳಿಯುವ ವಿಷ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆ ವಿಷದ ಬಾಣ ಚರ್ಮ ಸೀಳಿದರೆ ಸಾಕು, ಎಂಥ ಕಡವೆಯಾದರೂ ಕಣ್ಣಳತೆಯೊಳಗೇ ಮಗುಚಿಕೊಳ್ಳುತ್ತದೆ. ಆದರೆ ವಿಷಕ್ಕೆ ಕಡವೆ ಯಾವುದು, ನಾಯಿ ಯಾವುದು ಎಂಬ ಭೇದವಿಲ್ಲ. ಆದ್ದರಿಂದಲೇ ಅವರಲ್ಲಿ ನಾಯಿಯನ್ನು ಕೊನೆಯವರೆಗೂ ಹಗ್ಗದಲ್ಲೇ ಹಿಡಿಯುತ್ತಾರೆ. ಬಾಣ ನಾಟಿದ ಜಾಗದ ಸುತ್ತ ಅಂಗೈಯಗಲ ಮಾಂಸ ಕೊಯ್ದು ಹೂತ ಮೇಲೆಯೇ ಹಗ್ಗ ಸಡಿಲಿಸುವುದು. ಹಿಂದೊಮ್ಮೆ ಯಾರದೋ ನಾಯಿ ಗಾಯವನ್ನು ನೆಕ್ಕಿ, ನೊರೆ ಕಾರಿ, ಒಡೆಯನ ಕಾಲ ಬಳಿಯೇ ಸತ್ತಿತ್ತು. ಅದನ್ನು ಕಣ್ಣಾರೆ ಕಂಡಿದ್ದ ಅಮಿಮಾ ಹಗ್ಗದ ತುದಿಯನ್ನು ಸೊಂಟಕ್ಕೇ ಬಿಗಿದುಕೊಳ್ಳುತ್ತಿದ್ದಳು.

"ಹೊರಡಿ," ಎಂದ ತಾತ.

ಷಿಮೋ ಮೂಗನ್ನು ನೆಲಕ್ಕೆ ತಾಗಿಸಿದ್ದೇ ತಡ, ಅಮಿಮಾಳನ್ನು ದರದರ ಎಳೆದುಕೊಂಡು ಹೊರಟಿತು. ಜರಿಗಿಡದ ಎಲೆಯ ಮೇಲೆ ನೊರೆನೊರೆಯಾದ ರಕ್ತ. ಮುಂದೆ ಬಿದಿರ ಮೆಳೆಯ ಬುಡದಲ್ಲಿ ಇನ್ನಷ್ಟು.

"ಈ ಮೆಳೆ ಹಿಂದೇನೇ ಬಿದ್ದಿರುತ್ತೆ," ಎಂದ ತಾತ.

ಮೆಳೆಯ ಹಿಂದೆ ಏನೂ ಇರಲಿಲ್ಲ. ದಿಬ್ಬ ಹತ್ತಿದರು, ಇಳಿದರು. ಕಡವೆ ಓಡುತ್ತಲೇ ಇತ್ತು. ತಾತನ ಮುಖ ಕಪ್ಪಿಟ್ಟಿತು.

"ತಾತಾ, ಈ ಸಲ ಗೆಡ್ಡೆ ಬದ್ಲು ಗೆಣಸೇನಾದ್ರೂ ಅರೆದ್ಯಾ?" ಎಂದು ಅಸಾ ಕಿಚಾಯಿಸಿದ.

"ಲೋ ಕೋತಿ! ನಿಮ್ಮಪ್ಪ ನನ್ನ ವಿಷದಲ್ಲಿ ಕರಡಿ ಕೆಡವ್ದೋನು ಕಣೋ! ನಿನ್ನ ಬಾಣ ಬಾಲಕ್ಕೆ ತಾಗಿರ್ಬೇಕು!"

ಬಂಡೆಗಳ ಮೇಲೆ ರಕ್ತದ ಗುರುತು ಮಾಯವಾಯಿತು. ಗಂಡಸರಿಬ್ಬರೂ ಬೆಪ್ಪಾಗಿ ನಿಂತರು. ಷಿಮೋ ಒಂದು ಸುತ್ತು ಹಾಕಿತು, ಗಾಳಿ ಮೂಸಿತು, ಇದ್ದಕ್ಕಿದ್ದಂತೆ ಬಾಲ ನಿಮಿರಿಸಿ ಕಣಿವೆಯ ಕಡೆಗೆ ನುಗ್ಗಿತು. "ಸಿಕ್ತು! ಸಿಕ್ತು!" ಅಮಿಮಾ ನಗುತ್ತ, ಮುಗ್ಗರಿಸುತ್ತ, ಮುಳ್ಳು ಗೀರಿದ್ದನ್ನೂ ಲೆಕ್ಕಿಸದೆ ಹಿಂದೆಯೇ ಓಡಿದಳು. ಇಂಥ ಖುಷಿ ಅವಳಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಮುಂದೆ ನೆಲವೇ ಇರಲಿಲ್ಲ. ಹಳ್ಳದ ದಡ ಕಡಿದಾಗಿ ಕುಸಿದಿತ್ತು. ಷಿಮೋ ಹಾರಿಯೇ ಬಿಟ್ಟಿತು. ಅಮಿಮಾ ಮರವೊಂದನ್ನು ತಬ್ಬಿ ನಿಂತಳು. ಹಗ್ಗ ಬೇರಿಗೆ ಸಿಕ್ಕಿಕೊಂಡು, ನಾಯಿ ನಡುಗಾಳಿಯಲ್ಲಿ ಕುತ್ತಿಗೆಯಿಂದ ನೇತಾಡತೊಡಗಿತು. ನಾಲಿಗೆ ಹೊರಬಿತ್ತು. ಕಾಲುಗಳು ಬಡಿದುಕೊಂಡವು. ಮೇಲೆಳೆಯಲು ನೋಡಿದಳು, ಬೇರು ಬಿಡಲಿಲ್ಲ.

"ಕತ್ತರಿಸ್ಬೇಡ!" ಎಂದು ತಾತ ಹಿಂದಿನಿಂದ ಕೂಗಿದ. "ಕಡವೆ ಕೆಳಗೇ ಇದೆ! ನಾಯಿ ಹೋಗಿ ಗಾಯ ನೆಕ್ಕುತ್ತೆ!"

ಕತ್ತರಿಸದಿದ್ದರೆ ಈಗಲೇ ಸಾಯುತ್ತದೆ. ಅಮಿಮಾ ಕತ್ತಿ ಬೀಸಿದಳು.

ಷಿಮೋ ಪೊದೆಯ ಮೇಲೆ ಬಿತ್ತು, ಎದ್ದಿತು, ಒಮ್ಮೆ ಮೈ ಒದರಿತು. "ಷಿಮೋ! ಬಾ ಇಲ್ಲಿ! ಬಾರೇ!" ಹುಟ್ಟಿದಾಗಿನಿಂದ ಆ ದನಿಯನ್ನು ಮೀರದ ನಾಯಿ ಅವಳತ್ತ ತಿರುಗಿಯೂ ನೋಡದೆ ಓಡಿಹೋಯಿತು.

ಅಮಿಮಾ ಕೂತು, ಜಾರಿ, ಉರುಳಿ ಕೆಳಗಿಳಿದಳು. ಲಂಗ ಹರಿಯಿತು. ಬಿದ್ದಳು, ಎದ್ದಳು. "ಷಿಮೋ, ಮುಟ್ಬೇಡ್ವೇ, ನಿನ್ನ ದಮ್ಮಯ್ಯ, ಮುಟ್ಬೇಡ್ವೇ!" ಎಂದು ಕೂಗುತ್ತ ಮಂಡಿಯುದ್ದದ ನೀರಲ್ಲಿ ಓಡಿದಳು. ತಿರುವಿನಾಚೆ ಗೆದ್ದ ಸಂಭ್ರಮದ ಬೊಗಳು ಕೇಳಿಸಿತು. ಆಮೇಲೆ ನಿಂತಿತು. ಬೊಗಳು ನಿಂತಿತೆಂದರೆ ಬಾಯಿಗೆ ಬೇರೆ ಕೆಲಸ ಸಿಕ್ಕಿತೆಂದೇ ಅರ್ಥ.

ನೀರಿನಂಚಿನಲ್ಲಿ ಕಡವೆ ಸತ್ತು ಬಿದ್ದಿತ್ತು. ಷಿಮೋ ಗಾಯದೊಳಗೆ ಮೂತಿ ತೂರಿಸಿ ಚಪ್ಪರಿಸುತ್ತಿತ್ತು. ಕಿವಿಯವರೆಗೂ ರಕ್ತ.

ಅಮಿಮಾ ಅದನ್ನು ಹಿಡಿದೆಳೆದಳು. ದವಡೆ ಅಗಲಿಸಿ ನೀರು ಎರಚಿದಳು, ಬೆರಳಿನಿಂದ ನಾಲಿಗೆ ಉಜ್ಜಿದಳು. ಆಟವೆಂದುಕೊಂಡ ನಾಯಿ ಬಾಲ ಅಲ್ಲಾಡಿಸಿತು. ಅದನ್ನು ಕಂಡು ಅವಳಿಗೆ ದುಃಖ ಉಕ್ಕಿ ಬಂತು.

"ಮದ್ದು ಕೊಡು ತಾತಾ! ಬೇಗ ಕೊಡು!"

ಏದುಸಿರು ಬಿಡುತ್ತ ಬಂದ ತಾತ ನಿಂತಲ್ಲೇ ಕುಸಿದ. "ಇದಕ್ಕೆ ಮದ್ದಿಲ್ಲ ಕಣಮ್ಮಾ."

ಅಮಿಮಾ ನಾಯಿಯನ್ನು ಮಡಿಲಿಗೆಳೆದುಕೊಂಡು ಕೂತಳು. ಮೊದಲು ಕಾಲು ನಡುಗುತ್ತದೆ, ಆಮೇಲೆ ನೊರೆ ಬರುತ್ತದೆ. ಅವಳಿಗೆ ಎಲ್ಲ ಗೊತ್ತಿತ್ತು. ಷಿಮೋ ಅವಳ ಗಲ್ಲ ನೆಕ್ಕಿತು. ಸ್ವಲ್ಪ ಹೊತ್ತಾಯಿತು. ದೊಡ್ಡದಾಗಿ ಆಕಳಿಸಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಕಪ್ಪೆಯೊಂದು ಕುಪ್ಪಳಿಸಿದ್ದನ್ನು ಕಂಡು ಕಿವಿ ನಿಮಿರಿಸಿತು.

ತಾತ ಹುಬ್ಬು ಗಂಟಿಕ್ಕಿದ. ತೆವಳಿಕೊಂಡು ಕಡವೆಯ ಬಳಿ ಹೋದ. ಗಾಯಕ್ಕೆ ಬೆರಳದ್ದಿ, ಯಾರೂ ತಡೆಯುವ ಮುನ್ನವೇ ನಾಲಿಗೆಯ ತುದಿಗೆ ತಾಗಿಸಿಕೊಂಡ.

"ತಾತಾ!" ಅಸಾ ಕಿರುಚಿದ.

ತಾತ ಕಣ್ಣು ಮುಚ್ಚಿ ಕಾದ. ನಾಲಿಗೆ ಜುಮ್ಮೆನ್ನಬೇಕು, ತುಟಿ ಮರಗಟ್ಟಬೇಕು. ಏನೂ ಆಗಲಿಲ್ಲ. ಥೂ ಎಂದು ಉಗುಳಿ ಎದ್ದು ನಿಂತ. ಮುದುಕನ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ಇದ್ರಲ್ಲಿ ನನ್ನ ವಿಷಾನೇ ಇಲ್ಲ!"

ಬಾಣವನ್ನು ಕಿತ್ತು ತೆಗೆದ. ವಿಷದ ಬಾಣಕ್ಕೆ ಮೊನೆಯ ಹಿಂದೆ ಗೀರು ಹಾಕಿರುತ್ತಾರೆ, ಒಳಹೊಕ್ಕೊಡನೆ ಮೊನೆ ಮುರಿದು ಅಲ್ಲೇ ಉಳಿಯಲೆಂದು. ಈ ಬಾಣ ಇಡಿಯಾಗಿಯೇ ಈಚೆ ಬಂತು. ತಾತ ಅಸಾನ ಬತ್ತಳಿಕೆಗೆ ಕೈಹಾಕಿದ. ಎಲೆ ಸುತ್ತಿದ ವಿಷದ ಬಾಣ ಸುತ್ತಿದ ಹಾಗೇ ಇತ್ತು.

"ಲೋ, ಇದು ಅಳಿಲು ಹೊಡಿಯೋ ಬಾಣ ಅಲ್ವೇನೋ!"

"ಮಬ್ಬಿತ್ತು ತಾತಾ... ಆ ಕೋಡು ನೋಡಿ ಕೈಗೆ ಸಿಕ್ಕಿದ್ದನ್ನ ಏರಿಸ್ಬಿಟ್ಟೆ."

ತಾತ ಅವನ ತಲೆಗೆ ಫಟಾರನೆ ಒಂದು ಬಿಟ್ಟ. ಮರುಕ್ಷಣವೇ ಅದೇ ತಲೆಯನ್ನು ಎದೆಗೊತ್ತಿಕೊಂಡ. "ವಿಷ ಇಲ್ದೆ ಬರೀ ಬಿದಿರಲ್ಲಿ ಕಡವೆ ಕೆಡವ್ಬಿಟ್ಯಲ್ಲೋ ಕತ್ತೆ! ನಿಮ್ಮಪ್ಪನ ಕೈಲೂ ಆಗಿರ್ಲಿಲ್ಲ ಕಣೋ!"

ಅಮಿಮಾ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಷಿಮೋವನ್ನು ಉಸಿರುಗಟ್ಟುವಂತೆ ಅಪ್ಪಿಕೊಂಡಳು. ಅದು ಕೊಸರಿಕೊಂಡು ಬಿಡಿಸಿಕೊಂಡು ಮತ್ತೆ ಕಡವೆಯ ಬಳಿ ಹೋಗಿ ಕೂತಿತು.

ತಾತ ಕತ್ತಿ ತೆಗೆದು ಗಾಯದ ಸುತ್ತ ಅಂಗೈಯಗಲ ಕೊಯ್ದ. ಜೀವಮಾನವಿಡೀ ಮಾಡಿದ ಅಭ್ಯಾಸ. ಇನ್ನೊಂದು ಕೈ ಆಗಲೇ ಹೂಳಲು ಮರಳನ್ನು ಕೆದಕುತ್ತಿತ್ತು. ಅರ್ಧಕ್ಕೆ ಆ ಕೈ ನಿಂತಿತು. ಆ ತುಂಡನ್ನು ಹಳ್ಳದ ನೀರಲ್ಲಿ ತೊಳೆದು, ಅಂಗೈ ಮೇಲಿಟ್ಟು, ಷಿಮೋ ಮುಂದೆ ಮಂಡಿಯೂರಿದ.

"ತಗೋಳವ್ವಾ. ಇದನ್ನ ಇದುವರೆಗೂ ಯಾವ ನಾಯಿಗೂ ಕೊಟ್ಟೋನಲ್ಲ ನಾನು."

ಷಿಮೋ ಅಮಿಮಾಳ ಮುಖ ನೋಡಿತು.

"ತಿನ್ನು," ಎಂದಳು ಅಮಿಮಾ.